ಫೋನಿನ ಕಾರ್ಡಿನಲ್ಲಿ ಮಾದಮ್ಮನ ಹೆಸರು

ಹಗರೆಯ ಮಾದಮ್ಮನಿಗೆ ಒಂದು ಕಡೆ ಕೂತು ಅಭ್ಯಾಸವೇ ಇರಲಿಲ್ಲ. ಬೇಳೆ ಬೇಯುವಷ್ಟು ಹೊತ್ತಾದರೂ ಸುಮ್ಮನಿರಮ್ಮ ಎಂದರೆ, ಅಷ್ಟರಲ್ಲಿ ಕಾಯಿ ತುರಿದು, ಎಲೆ ಒರೆಸಿ, ನೀರು ತರುವವರ ಮೇಲೆ ಒಂದು ಸಲ ಕೂಗಾಡಿ ಬಂದಿರುತ್ತಿದ್ದಳು. ಆದರೆ ಎರಡು ಸಾವಿರದ ಏಳನೇ ಇಸವಿಯ ಆ ಬೇಸಿಗೆಯ ಚಡಪಡಿಕೆ ಬೇರೆ ಥರದ್ದು. ಮದುವೆಯ ಕಾಲ ಅರ್ಧ ಕಳೆದಿತ್ತು. ಅವಳ ಕೊಳಗ ಇನ್ನೂ ಒಂದು ಮದುವೆಮನೆಯ ಒಲೆಯನ್ನೂ ಏರಿರಲಿಲ್ಲ.

ಮೊದಲು ಅಡುಗೆ ಮೇಸ್ತ್ರಿಯಾಗಿದ್ದವನು ಅವಳ ಗಂಡ ಕೃಷ್ಣಪ್ಪ. ಬೇಲೂರು, ಹಳೇಬೀಡು, ಜಾವಗಲ್ಲು, ಆಚೆ ಅರಸೀಕೆರೆಯವರೆಗೂ ಮದುವೆ ಊಟ ಅಂದರೆ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾದಮ್ಮ ಅವನ ಹಿಂದೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಶುರು ಮಾಡಿದವಳು, ಹುಳಿಯ ಹದ ಕಲಿತು, ಕಡೆಗೆ ಅವನನ್ನೇ ಮೀರಿಸಿದಳು. ತುಂಬಿದ ಹಂಡೆ ಇಳಿಸುವಾಗ ಸೊಂಟ ಹಿಡಿದು ಕೃಷ್ಣಪ್ಪ ಜಗಲಿ ಸೇರಿದ ಮೇಲೆ, ಕೊಳಗ, ಬಾಂಡ್ಲಿ, ಜಾಲರಿ ಎಲ್ಲ ಇವಳ ಪಾಲಿಗೆ ಬಂದವು. ಇವಳೇ ಯಜಮಾನಿಯಾಗಿ ಹಿಡಿದ ಮೊದಲ ಕೆಲಸ ಕಣಕಟ್ಟೆಯಲ್ಲಿ. ಅಲ್ಲಿ ತೆಂಗಿನ ತೋಟವಿದ್ದ ತಮ್ಮಯ್ಯ ಎಂಬುವರ ತಾಯಿ ತೀರಿಕೊಂಡಿದ್ದರು, ಹನ್ನೊಂದನೇ ದಿನದ ತಿಥಿ ಊಟ. ಆ ದಿನ ವಡೆ, ಪಾಯಸ, ಕುಂಬಳಕಾಯಿ ಹುಳಿ ಉಂಡವರು ಎಲೆ ಮಡಿಸಲು ಮನಸ್ಸು ಬಾರದೆ ಕೂತರು. ಸತ್ತ ಅಜ್ಜಿಗೇ ಇನ್ನೊಂದು ಸಲ ಎದ್ದು ಬಂದು ಉಣ್ಣುವ ಆಸೆಯಾಗುತ್ತೆ ಅಂತ ಯಾರೋ ಅಂದರು. ಮಾದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು.

ಆಮೇಲೆ ಬಂದ ಫೋನೆಲ್ಲ "ನಮ್ಮಪ್ಪ ಹೋಗ್ಬಿಟ್ರು ಕಣಮ್ಮ", "ನಮ್ಮತ್ತೆ ಹೋಗ್ಬಿಟ್ರು" ಅಂತಲೇ. ಒಂದು ತಿಥಿ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಇನ್ನೊಂದು. ಕೆಲಸವೇನೋ ಇತ್ತು. ಆದರೆ ಅವಳ ಜೊತೆಗಿದ್ದ ಸುವರ್ಣಮ್ಮನಿಗೆ ಸಾಕಾಗಿ ಹೋಗಿತ್ತು. ಒಬ್ಬಟ್ಟು ತಟ್ಟುವುದರಲ್ಲಿ ಸುವರ್ಣಮ್ಮನ ಕೈ ಇನ್ನೊಬ್ಬರಿಗೆ ಬರದು. ಅವಳ ಮಗಳಿಗೆ ಗಂಡು ನೋಡುತ್ತಿದ್ದರು.

"ಅಕ್ಕ, ನೋಡಕ್ಕೆ ಬಂದೋರು ನಿಮ್ಮವ್ವ ಎಲ್ಲಿ ಅಂತ ಕೇಳಿದ್ರೆ, ತಿಥಿಗೋಗವ್ಳೆ ಅಂತ ಎಷ್ಟ್ ಸಲ ಹೇಳದು? ಈ ಸಲ ಒಂದಾದ್ರೂ ಮದ್ವೆ ಹಿಡಿ. ಇಲ್ದಿದ್ರೆ ನಾನ್ ಬೇರೆ ದಾರಿ ನೋಡ್ಕತೀನಿ. ಕ್ವಾಪ ಮಾಡ್ಕಬ್ಯಾಡ."

ಕೋಪವಲ್ಲ, ಹೆದರಿಕೆಯಾಯಿತು. ಸುವರ್ಣಮ್ಮ ಹೋದರೆ ಹಿಂದೆಯೇ ಅಡುಗೆಗೆ ಬರುವ ಮಿಕ್ಕಿಬ್ಬರೂ ಹೋಗುತ್ತಾರೆ. ಕೈಗಳಿಲ್ಲದ ಮೇಲೆ ಕೊಳಗ ಅಟ್ಟಕ್ಕೆ.

ಆ ಹೊತ್ತಿಗೆ ಸರಿಯಾಗಿ ಜಾವಗಲ್ಲಿನ ಲಕ್ಕಪ್ಪ ಸಂತೆಯಲ್ಲಿ ಸಿಕ್ಕಿದ್ದ. ತಮ್ಮಯ್ಯನ ನೆಂಟ, ಆ ತಿಥಿಯಲ್ಲಿ ಉಂಡವನು. ಮಗಳು ಸೌಂದರ್ಯಳಿಗೆ ಬೇಲೂರಿನ ಕಡೆ ಗಂಡು ಗೊತ್ತಾಗಿತ್ತು.

"ಮದ್ವೆ ಅಡ್ಗೆ ನೀನೇ ಮಾಡ್ಬೇಕು ಕಣಮ್ಮ. ನಂಬರ್ ಹೇಳು."

ತನ್ನ ನಂಬರು ಅವಳಿಗೇ ಬಾಯಿಗೆ ಬರದು. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದಳು. "ತಮ್ಮಯ್ಯಣ್ಣನ ಹತ್ರ ಐತೆ ಈಸ್ಕಳಿ" ಅಂದಳು. "ಸೋಮವಾರ ಫೋನ್ ಮಾಡ್ತೀನಿ" ಅಂದಿದ್ದ ಲಕ್ಕಪ್ಪ.

ಸೋಮವಾರ ಕಳೆಯಿತು. ಫೋನು ಕುಂಯ್ ಎನ್ನಲಿಲ್ಲ. ಮಾದಮ್ಮ ಅದನ್ನು ಅಂಗಳಕ್ಕೆ ತಂದು ನೋಡಿದಳು, ಹಿತ್ತಿಲಿಗೆ ಒಯ್ದು ನೋಡಿದಳು, ಸಿಗ್ನಲ್ ಸಿಗಲಿ ಅಂತ ಕಲ್ಲು ಹತ್ತಿ ನಿಂತಳು. "ಅದೇನ್ ಕೋಳಿನಾ, ಮೊಟ್ಟೆ ಇಕ್ಕುತ್ತೆ ಅಂತ ಹಿಂದಿಂದೆ ತಿರುಗ್ತೀಯಲ್ಲ" ಅಂತ ಕೃಷ್ಣಪ್ಪ ಜಗಲಿಯಿಂದಲೇ ಛೇಡಿಸಿದ. ಮಂಗಳವಾರ ಬೆಳಿಗ್ಗೆ ಅದು ಒಮ್ಮೆ ಟಿಂಗ್ ಎಂದಿತು. ತೆರೆಯ ಮೇಲೆ ಏನೋ ಇಂಗ್ಲಿಷ್ ಅಕ್ಷರ. ಮೂರನೇ ಕ್ಲಾಸಿನ ಓದಿಗೆ ಅದು ದಕ್ಕಲಿಲ್ಲ. ಮಾದಮ್ಮ ಮುದ್ದೆ ಮುಟ್ಟದೆ ಹಳೇಬೀಡಿನ ಬಸ್ಸು ಹತ್ತಿದಳು.

ಹಳೇಬೀಡಿನ ಬಸ್ ಸ್ಟ್ಯಾಂಡಿನ ಎದುರು ಇಂದು ಎಂಬಾಕೆಯ ಅಂಗಡಿ. ಹಿಂದೆ ಎಸ್‌ಟಿಡಿ ಬೂತು, ಈಗ ಮೊಬೈಲಿಗೆ ಕರೆನ್ಸಿ ಹಾಕುವ ಜಾಗ. ಇಂದು ಫೋನು ಈಸಿಕೊಂಡು ಎರಡು ಬಟನ್ ಒತ್ತಿದಳು.

"ಇದು ಮೆಸೇಜ್ ಅಲ್ಲ ಅಕ್ಕ. ಕಾರ್ಡು."

"ಸಿಮ್ ಕಾರ್ಡಾ, ಕರೆನ್ಸಿ ಕಾರ್ಡಾ?"

"ಎರಡೂ ಅಲ್ಲ. ಬಿಸಿನೆಸ್ ಕಾರ್ಡ್ ಅಂತಾರೆ. ಪೇಟೆ ಸಾಹುಕಾರರು ಜೇಬಿಂದ ತೆಗೆದು ಕೊಡ್ತಾರಲ್ಲ, ಹೆಸರು, ನಂಬರು ಅಚ್ಚು ಹಾಕಿಸಿರೋದು, ಅದೇ. ಕಾಗದ ಇಲ್ಲ ಅಷ್ಟೆ. ಫೋನಿಂದ ಫೋನಿಗೆ ಹೋಗುತ್ತೆ. ಮೇಲಿನ ಸಾಲಲ್ಲಿ ಹೆಸರು, ಕೆಳಗಡೆ ನಂಬರು. ಬಂದಿದ್ದಕ್ಕೆ ಸೇವ್ ಅಂತ ಒತ್ತಿದ್ರೆ ನಮ್ಮ ಫೋನಲ್ಲೇ ಕೂತ್ಕೊಳ್ಳುತ್ತೆ. ಬರ್ಕೊಳ್ಳೋ ಕೆಲಸನೇ ಇಲ್ಲ."

"ಯಾರ್ದು ಈ ಕಾರ್ಡು?"

"ನಿಮ್ಮದೇ. ಕಣಕಟ್ಟೆ ತಮ್ಮಯ್ಯನವರು ಕಳಿಸಿದ್ದಾರೆ."

"ನನ್ಗೇ ನನ್ ಕಾರ್ಡಾ! ಅದೇನಂತ ಓದು."

ಇಂದು ಓದಲಿಲ್ಲ. ಗಾಜಿನ ಪೆಟ್ಟಿಗೆಯ ಮೇಲಿದ್ದ ಧೂಳನ್ನು ಕೈಯಲ್ಲೇ ಒರೆಸಿದಳು. ಮಾದಮ್ಮ ಬಿಡುವವಳಲ್ಲ. "ಹೇಳೇ, ಬಾಯಲ್ಲೇನು ಬೆಲ್ಲ ಇಟ್ಕಂಡಿದ್ದೀಯಾ?"

"ತಿಥಿ ಮಾದಮ್ಮ ಅಂತ ಇದೆ ಅಕ್ಕ."

ಬಸ್ಸೊಂದು ಬಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಮಾದಮ್ಮ ಅಂಗಡಿಯ ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು.

"ನಾನಿನ್ನೂ ಬದುಕಿವ್ನಿ. ಆಗ್ಲೇ ನನ್ ತಿಥಿ ಮಾಡವ್ರಲ್ಲೇ! ಫೋನ್ ಹಾಕು ಆವಯ್ಯಂಗೆ."

ಇಂದು ಫೋನು ಮಾಡಿ, ಸ್ಪೀಕರ್ ಹಾಕಿ ಕೊಟ್ಟಳು. ತಮ್ಮಯ್ಯನ ದನಿ ನಗುನಗುತ್ತಲೇ ಬಂತು.

"ಓ, ನಿನ್ಗೂ ಬಂತಾ? ಒತ್ತೋವಾಗ ಬೆಳ್ಳು ತಪ್ಪಿರಬೇಕು. ಲಕ್ಕಪ್ಪ ಕೇಳ್ದ, ಅವನ್ಗೆ ಕಳ್ಸ್ದೆ. ಭಾನುವಾರ್ವೇ ಒಂದು ಹೋಗಿತ್ತು, ಸಿಗ್ತೋ ಇಲ್ವೋ ಅಂತ ಇವತ್ತು ಇನ್ನೊಂದ್ಸಲ ಕಳ್ಸಕ್ಕೋದೆ."

"ಅದೇನಣ್ಣ ಹಂಗ್ ಬರ್ಕಂಡಿದ್ದೀರಿ, ತಿಥಿ ಮಾದಮ್ಮ ಅಂತ?"

"ಅಯ್ಯೋ ತಾಯಿ, ನನ್ ಫೋನಲ್ಲಿ ಮೂರ್ ಜನ ಮಾದಮ್ಮದೀರು ಅವ್ರೆ. ಒಬ್ಳು ಹಾಲಿನ ಮಾದಮ್ಮ, ಒಬ್ರು ನಮ್ ದೊಡ್ಡತ್ತೆ. ಗುರ್ತಿಗೆ ಏನಾರ ಬ್ಯಾಡ್ವಾ?"

"ಇನ್ಯಾರ್ಯಾರ್ಗೆ ಕಳ್ಸಿದ್ದೀರಿ?"

"ಕೇಳ್ದೋರ್ಗೆಲ್ಲ! ಅರಸೀಕೆರೆ, ಬಾಣಾವರ, ಎಲ್ಲಾ ಕಡೆ. ನಿನ್ಗೇ ಒಳ್ಳೇದಾಗ್ಲಿ ಅಂತಲ್ವಾ."

ಬಯ್ಯಲು ಬಾಯಿ ಬರಲಿಲ್ಲ. ಆ ಮನುಷ್ಯ ನಿಜವಾಗಿಯೂ ಒಳ್ಳೆಯದನ್ನೇ ಮಾಡಲು ಹೊರಟಿದ್ದ. ಅಡುಗೆ ಮಾದಮ್ಮ ಅಂತ ತಿದ್ದಿಕೊಳ್ಳಿ ಅಣ್ಣ ಎಂದು ಬೇಡಿಕೊಂಡಳು. ಆಗಲಿ ಎಂದು ತಮ್ಮಯ್ಯ ಅಲ್ಲೇ ಹೆಂಡತಿಯನ್ನು ಕೂಗಿ, ಕನ್ನಡಕ ತರಿಸಿ, "ತಿದ್ತೀನಿ ಇಡಮ್ಮ" ಎಂದು ಫೋನಿಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ ತಾನೇ ಮಾಡಿ "ಆಯ್ತು ಕಣಮ್ಮ" ಎಂದ. ಮಾದಮ್ಮ ಉಸಿರು ಬಿಟ್ಟಳು.

"ಸದ್ಯ. ಎಲ್ಲಾರ ಫೋನಲ್ಲೂ ಸರಿಯಾಯ್ತಲ್ಲ."

"ಇಲ್ಲ ಅಕ್ಕ. ಅವರ ಫೋನಲ್ಲಿ ಮಾತ್ರ."

"ಅವ್ರೇ ತಾನೆ ಕಳ್ಸಿದ್ದು? ಅವ್ರೇ ತಿದ್ದಿದ್ ಮೇಲೆ?"

ಇಂದು ತಲೆ ಕೆರೆದುಕೊಂಡು ಯೋಚಿಸಿದಳು. "ನೋಡಿ, ನೀವು ಹುಳಿ ಬಡಿಸಿಬಿಟ್ರಿ. ಆಮೇಲೆ ಕೊಳಗಕ್ಕೆ ಉಪ್ಪು ಹಾಕಿದ್ರೆ ಎಲೆ ಮೇಲಿರೋ ಹುಳಿಗೆ ಸೇರುತ್ತಾ? ಕಾರ್ಡೂ ಹಾಗೇ. ಹೋಗಿದ್ದು ಹೋಯ್ತು. ಅದು ಅವರವರ ಎಲೇದು. ನಂಬರು ನಿಮ್ಮದು, ಹೆಸರು ಮಾತ್ರ ಬರ್ಕೊಂಡೋರದು. ಅವರು ಇನ್ನೊಬ್ಬರಿಗೆ ಕಳಿಸಿದ್ರೆ ಅದೇ ಹೆಸರೇ ಹೋಗುತ್ತೆ."

ಇದು ಮಾದಮ್ಮನಿಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥವಾಯಿತು. ಅರ್ಥವಾದ ಮೇಲೆ ನಿಲ್ಲಲು ಆಗಲಿಲ್ಲ. ಲಕ್ಕಪ್ಪನ ಫೋನಿನಲ್ಲಿ ಭಾನುವಾರದಿಂದ ಆ ಹೆಸರು ಕೂತಿದೆ. ಅರಿಶಿನ ಕುಟ್ಟುವ ಮನೆಯಲ್ಲಿ ಆ ಹೆಸರು ಯಾರ ಕಣ್ಣಿಗೆ ಬಿತ್ತೋ! ಫೋನು ಮಾಡಿ ಹೇಳೋಣವೆಂದರೆ ಅವನ ನಂಬರು ಇವಳ ಹತ್ತಿರ ಇಲ್ಲ. ಇನ್ನೊಂದು ಸಲ ತಮ್ಮಯ್ಯನನ್ನು ಕೇಳಿದರೆ ಅದ್ಯಾವ ಅವಾಂತರವಾಗುತ್ತದೋ ಎಂಬ ಭಯ.

"ನನ್ನೆಸ್ರಲ್ಲಿ ನಾನೇ ಒಂದ್ ಕಾರ್ಡ್ ಮಾಡ್ಕಬೋದಾ?"

"ಮಾಡ್ಕೋಬಹುದು." ಇಂದು 'ಅಡುಗೆ ಮಾದಮ್ಮ ಹಗರೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ, ಸೇವ್ ಮಾಡಿದಳು. ಕಳಿಸುವುದು ಎಲ್ಲಿ, ಬೇರೆಯವರ ಫೋನಿನಲ್ಲಿರುವ ಹೆಸರು ತಿದ್ದುವುದು ಹೇಗೆ ಎಂದು ತೋರಿಸಿದಳು. ಆಪ್ಷನ್, ಅದರೊಳಗೆ ಎಡಿಟ್, ಹಳೆಯದನ್ನು ಅಳಿಸುವುದು, ಹೊಸದನ್ನು ಒತ್ತುವುದು, ಆಮೇಲೆ ಮರೆಯದೆ ಸೇವ್. "ಸೇವ್ ಒತ್ತದೆ ಬಂದ್ರೆ ಮಾಡಿದ್ದೆಲ್ಲ ದಂಡ" ಎಂದಳು. ಒಗ್ಗರಣೆ ಹಾಕುವ ಕ್ರಮ ಕಲಿತ ಹಾಗೆ ಮಾದಮ್ಮ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಜಾವಗಲ್ಲಿನ ಬಸ್ಸು ಹತ್ತಿದಳು.

ಸೀಟು ಖಾಲಿಯಿದ್ದರೂ ಕೂರಲಿಲ್ಲ, ಕಂಬಿ ಹಿಡಿದು ನಿಂತಳು. ಮುಂದಿನ ಸೀಟಿನಲ್ಲಿದ್ದವನೊಬ್ಬ ಫೋನು ನೋಡುತ್ತಿದ್ದ. ಇವನ ಫೋನಿನಲ್ಲೂ ನಾನಿದ್ದೇನೋ ಏನೋ ಎಂದು ಅವನ ಭುಜದ ಮೇಲಿಂದ ಇಣುಕಿದಳು. ಅವನು ಹಾವಿನ ಆಟ ಆಡುತ್ತಿದ್ದ.

ಲಕ್ಕಪ್ಪನ ಮನೆಯ ಹಜಾರದಲ್ಲಿ ಅವನ ಹೆಂಡತಿ ದ್ಯಾವಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಮಾದಮ್ಮನನ್ನು ಕಂಡೊಡನೆ ಮೊರ ನಿಂತಿತು. ಬಾ ಎನ್ನಲಿಲ್ಲ. ಒಳಗಿನಿಂದ ಬಂದ ಲಕ್ಕಪ್ಪ ಹೆಂಡತಿಯ ಮುಖ ನೋಡಿ ಕಂಬಕ್ಕೆ ಒರಗಿದ.

"ಫೋನ್ ಮಾಡ್ತೀನಿ ಅಂದಿದ್ರಿ" ಅಂದಳು ಮಾದಮ್ಮ.

"ಮಾಡನ ಅಂತಲೇ ಇದ್ದೆ ಕಣಮ್ಮ..." ಲಕ್ಕಪ್ಪ ಎಳೆದ.

ದ್ಯಾವಮ್ಮ ತಡೆಯಲಾರದೆ ಹೇಳಿಬಿಟ್ಟಳು. "ನಮ್ ಯಜಮಾನ್ರು ಏನ್ ಮಾಡವ್ರೆ ಗೊತ್ತಾ? ಒಳ್ಳೆ ಅಡ್ಗೆಯೋರು ಸಿಕ್ಕವ್ರೆ ಅಂತ ಜಂಬಕ್ಕೆ ನಿನ್ ಕಾರ್ಡ್‌ನ ಬೀಗ್ರಿಗೂ ಕಳ್ಸ್‌ಬಿಟ್ಟವ್ರೆ. ಅದ್ರಲ್ಲೇನೈತೆ ಅಂತ ಓದಿ ನೋಡ್ದೆನೇ! ಗಂಡಿನ್ ತಾಯಿ ಫೋನ್ ಮಾಡಿ, ಏನ್ ಬೀಗಿತ್ತಿ, ಮದ್ವೆಗೆ ತಿಥಿಯೋರ್ನ ಕರೆಸ್ತೀರಾ ಅಂತ ಕೇಳುದ್ಳು. ನಾನ್ ನಾಚ್ಕೆಗೆ ಭೂಮಿಗಿಳ್ದೋದೆ. ಮದ್ವೆ ಊಟಕ್ಕೆ ಅವರೇ ಬೇಲೂರಿನೋರ್ನ ಗೊತ್ತು ಮಾಡವ್ರೆ."

ಆಗಿ ಹೋಗಿತ್ತು. ಸುವರ್ಣಮ್ಮನ ಮುಖ ಮಾದಮ್ಮನ ಕಣ್ಣ ಮುಂದೆ ಬಂತು. ತಿರುಗಿ ಹೊರಟುಬಿಡಬೇಕು ಅನ್ನಿಸಿತು, ಕಾಲು ಮಾತ್ರ ಏಳಲಿಲ್ಲ. ಅವಳ ಕಾಲು ಹಾಗೆ ಒಂದೇ ಕಡೆ ನಿಂತದ್ದು ಅದೇ ಮೊದಲು.

"ದ್ಯಾವಮ್ಮಾರೆ, ಆ ಹೆಸ್ರು ನಾನ್ ಇಟ್ಕಂಡಿದ್ದಲ್ಲ. ನಮ್ಮವ್ವ ಇಟ್ಟಿದ್ದು ಬರೀ ಮಾದಮ್ಮ. ತಮ್ಮಯ್ಯಣ್ಣ ಗುರ್ತಿಗೆ ಬರ್ಕಂಡ್ರು. ನಿಮ್ ಯಜಮಾನ್ರು ಓದ್ದೆ ಕಳ್ಸುದ್ರು. ತಿಥಿ ಮಾಡಿವ್ನಿ, ಇಲ್ಲ ಅನ್ನಲ್ಲ. ಅದಕ್ಕಿಂತ ಮುಂಚೆ ನಮ್ಮನೆಯೋರ್ ಜೊತೆ ಎಷ್ಟ್ ಮದ್ವೆಗೆ ಬೇಯ್ಸಿವ್ನಿ ಅಂತ ಯಾರೂ ಬರ್ಕಳ್ಳಿಲ್ವಲ್ಲ."

"ಅದೆಲ್ಲಾ ಸರಿ ಕಣಮ್ಮ. ಸಾವಿನ್ ಮನೇಲಿ ತಿರುವಿದ್ ಸೌಟ್‌ನೇ ನಮ್ಮನೆಗೂ ತತ್ತೀಯಾ?"

"ಸೌಟು ನಿಮ್ಮನೇದೇ ಕೊಡಿ. ಕೈ ಒಂದ್ ಮಾತ್ರ ನಂದೇ ತರಬೇಕಾಗ್ತದೆ, ಅದನ್ನ ಬಿಚ್ಚಿಡಕ್ಕಾಗಲ್ಲ."

ಬಾಗಿಲ ಹಿಂದೆ ನಿಂತಿದ್ದ ಸೌಂದರ್ಯ ಕಿಸಕ್ಕನೆ ನಕ್ಕಳು. ದ್ಯಾವಮ್ಮ ನಗಬಾರದು ಅಂತ ತುಟಿ ಕಚ್ಚಿ, ಕಡೆಗೆ ನಕ್ಕೇಬಿಟ್ಟಳು. ಅಕ್ಕಿಯನ್ನು ಒಮ್ಮೆ ಮೇಲಕ್ಕೆ ಹಾರಿಸಿ ಮೊರ ಕೆಳಗಿಟ್ಟಳು.

"ಮದ್ವೆ ಊಟ ನಮ್ ಕೈಲಿಲ್ಲ. ಅವರ ಮಾತು ಮೀರಕ್ಕಾಗಲ್ಲ. ಚಪ್ಪರದ್ ದಿನದ ಊಟ ನಮ್ಮನೇದು. ಅದನ್ನ ಕೇಳಕ್ಕೆ ಬೀಗ್ರು ಯಾರು? ಅದನ್ನ ನೀನು ಮಾಡು."

ಮಾದಮ್ಮ ಕೈ ಮುಗಿದಳು. ಆದರೆ ಹೋಗಲಿಲ್ಲ. "ಹಂಗಾದ್ರೆ ನನ್ ಕಣ್ಮುಂದೆ ಆ ಹೆಸ್ರು ತಿದ್ದಿ" ಅಂತ ಪಟ್ಟು ಹಿಡಿದಳು. ಲಕ್ಕಪ್ಪ ಫೋನು ತೆಗೆದ. ಆಪ್ಷನ್, ಎಡಿಟ್, ಅಳಿಸಿ, ಒತ್ತಿ ಎಂದು ಮಾದಮ್ಮ ಒಂದೊಂದಾಗಿ ಹೇಳಿದಳು, ಸೌಂದರ್ಯ ಅಕ್ಷರ ತೋರಿಸಿದಳು. ಲಕ್ಕಪ್ಪ ಮುಗಿಯಿತೆಂದು ಜೇಬಿಗೆ ಹಾಕಲು ಹೋದಾಗ, "ಸೇವ್, ಸೇವ್!" ಎಂದು ಮಾದಮ್ಮ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದರು. ಆಮೇಲೆ ಅವಳು ನಂಬರು ಕೇಳಿ ಅವನ ಫೋನಿಗೆ ಒಂದು ಮಿಸ್ ಕಾಲ್ ಕೊಟ್ಟಳು. ಅಡುಗೆ ಮಾದಮ್ಮ ಎಂದು ಸೌಂದರ್ಯ ಓದಿ ಹೇಳಿದ ಮೇಲೆಯೇ ನಂಬಿದಳು. ಬೀಗರಿಗೂ ಹೊಸ ಕಾರ್ಡು ಹೋಯಿತು. ಅವರು ಹಳೆಯದನ್ನು ಅಳಿಸುತ್ತಾರೋ, ಎರಡನ್ನೂ ಇಟ್ಟುಕೊಂಡು ನಗುತ್ತಾರೋ, ಹೇಳುವವರಿರಲಿಲ್ಲ.

ಬಸ್ ನಿಲ್ದಾಣಕ್ಕೆ ಬರುತ್ತಲೇ ಸುವರ್ಣಮ್ಮನ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸಿದಳು.

"ಚಪ್ಪರದ ಊಟ ಹಿಡಿದೆ ಕಣೇ!"

"ಯಾವ ಚಪ್ಪರ ಅಕ್ಕ? ಸತ್ತೋರ ಮನೆಗೂ ಚಪ್ಪರ ಹಾಕ್ತಾರೆ."

"ಅರಿಶಿನ ಕುಂಕುಮದ್ದು ಕಣೇ, ಮಾವಿನ ತೋರಣದ್ದು! ಒಬ್ಬಟ್ಟು ನೀನೇ ತಟ್ಟಬೇಕು."

"ಹಂಗಾದ್ರೆ ಬತ್ತೀನಿ. ಇದೊಂದು. ಮುಂದಿಂದು ಆಮ್ಯಾಕೆ ನೋಡನ."

ಆಮೇಲೆ ಅಂದರೆ ಆಮೇಲೆ. ಮಾದಮ್ಮ ನಿಲ್ದಾಣದ ಈ ಕಡೆಯಿಂದ ಆ ಕಡೆಗೆ ಓಡಾಡಿದಳು. ಬಾಣಾವರದಲ್ಲಿ ಯಾರ ಫೋನು, ಅರಸೀಕೆರೆಯಲ್ಲಿ ಯಾರ ಫೋನು? ಹೋಗಿ ಒಬ್ಬೊಬ್ಬರನ್ನೇ ಹಿಡಿದು ತಿದ್ದಿಸುವುದಕ್ಕೆ ಯಾರ ಗುರುತೂ ಇಲ್ಲ. ಹೀಗೆ ಯೋಚಿಸುತ್ತಿರುವಾಗಲೇ ಫೋನು ಬಂತು. ಹೆಸರಿಲ್ಲದ ನಂಬರು.

"ಅಮ್ಮಾ, ಅರಸೀಕೆರೆಯಿಂದ ಮಾತಾಡ್ತಿರೋದು, ಮರುಳಪ್ಪ ಅಂತ. ಅಡ್ಗೆಯೋರಾ?"

"ಹೌದು ಯಜಮಾನ್ರೇ. ಏನ್ ಕಾರ್ಯ ಅಂತ ಆಮೇಲೆ ಹೇಳಿ. ನಿಮ್ ಫೋನಲ್ಲಿ ನನ್ನೆಸ್ರು ಏನಂತೈತೆ, ಮೊದ್ಲು ಅದನ್ನೇಳಿ."

ಅತ್ತ ಕೆಮ್ಮಿದ ಸದ್ದು. "ಅದೂ... ಬ್ಯಾಡ ಬಿಡಮ್ಮ."

"ಬ್ಯಾಸರ ಏನಿಲ್ಲ, ಗೊತ್ತಾಯ್ತು. ತಿದ್ಕಳಿ. ನಾನೇ ಹೇಳ್ಕೊಡ್ತೀನಿ. ಅಕ್ಷರ ಬಲ್ಲೋರ್ನ ಒಬ್ರುನ್ನ ಹತ್ರ ಕೂರಿಸ್ಕಳಿ. ಫೋನ್ ಇಟ್ಮೇಲೆ ಮರೀಬೇಡಿ, ಮೊದ್ಲು ಆಪ್ಷನ್ ಅಂತ ಇರ್ತದೆ..."

ಹಳೇಬೀಡಿನ ಬಸ್ಸು ಬಂದು ಅವಳ ಮುಂದೆಯೇ ನಿಂತಿತು. ಕಂಡಕ್ಟರು "ಬಾರಮ್ಮೋ, ಹತ್ತು" ಎಂದು ಕೂಗಿದ. ಮಾದಮ್ಮ ಹೋಗು ಹೋಗು ಎಂದು ಅವನಿಗೆ ಕೈ ಬೀಸಿ, ಸದ್ದು ಕಡಿಮೆಯಿರುವ ಕಡೆಗೆ ಸರಿದು, ಇನ್ನೊಂದು ಕಿವಿ ಮುಚ್ಚಿಕೊಂಡು ಎಡಿಟ್‌ನಿಂದ ಮುಂದಕ್ಕೆ ಹೇಳತೊಡಗಿದಳು.