ಹಿಗ್ಗದ ಬಿಲ್ಲೆ

ದಿನಾ ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ, ಜಗಲಿ ಮೇಲೆ ಕೂತ ನಮ್ಮಪ್ಪ ಕೇಳುತ್ತಿದ್ದದ್ದು ಒಂದೇ ಮಾತು.

"ಒಡದೋಯ್ತಾ?"

"ಒಡದೋಯ್ತು."

"ಉಣ್ಣೋಗು."

ನನ್ನ ಪಿಎಚ್‌ಡಿ ಬಗ್ಗೆ ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆದ ಚರ್ಚೆ ಇಷ್ಟೇ. ಅದರಲ್ಲಿ ತಪ್ಪು ಹುಡುಕುವ ಹಾಗೂ ಇರಲಿಲ್ಲ. ನನ್ನ ಗೈಡು ಕೇಳುತ್ತಿದ್ದದ್ದೂ ಅದನ್ನೇ, ಇಂಗ್ಲಿಷಿನಲ್ಲಿ. ಉಣ್ಣೋಗು ಅಂತ ಮಾತ್ರ ಅವರು ಅನ್ನುತ್ತಿರಲಿಲ್ಲ.

ಒಡೆಯುತ್ತಿದ್ದದ್ದು ಬಿಲ್ಲೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಫರ್ನೇಸಿನಲ್ಲಿ ಸುಟ್ಟು ಮಾಡುವ, ಅಂಗಿ ಗುಂಡಿಯಷ್ಟು ಅಗಲದ ಬಿಲ್ಲೆ. ನಮ್ಮವ್ವ ಅದನ್ನು ಹಾಲಿನ ಡೈರಿಯಲ್ಲಿ "ನಮ್ ಮಗ್ಳು ಮಾತ್ರೆ ಮಾಡ್ತಾಳೆ" ಅಂತ ಹೇಳಿಬಂದಿದ್ದಳು. ನಮ್ಮ ಕ್ಯಾತನಹಳ್ಳಿಯಲ್ಲಿ ಮಂಡಿನೋವು ಇಲ್ಲದ ಮನೆ ಇಲ್ಲ. ಅದರಲ್ಲಿರೋದು ಸೀಸ, ತಿಂದರೆ ಮಂಡಿ ಜೊತೆ ನೀವೂ ಹೋಗ್ತೀರಿ ಅಂತ ಬಂದವರಿಗೆಲ್ಲ ಬಿಡಿಸಿ ಹೇಳಿದ ಮೇಲೆ ಅವ್ವನ ಗಿರಾಕಿಗಳು ಕಮ್ಮಿಯಾದರು.

ಆ ಪದಾರ್ಥದ ಹೆಸರು ಲೆಡ್ ಟೈಟನೇಟ್. ಪೆರೋವ್‌ಸ್ಕೈಟ್ ಅನ್ನುವ ದೊಡ್ಡ ಮನೆತನದ್ದು. ಒಳಗೆಲ್ಲ ಕಣ್ಣಿಗೆ ಕಾಣದ ಡಬ್ಬಿಗಳ ಸಾಲು, ಒಂದೊಂದು ಡಬ್ಬಿಯ ನಡುವೆ ಒಂದೊಂದು ಟೈಟಾನಿಯಂ ಪರಮಾಣು. ಫರ್ನೇಸಿನ ಬಿಸಿಯಲ್ಲಿ ಅದು ನಟ್ಟನಡುವೆ ಕೂತಿರುತ್ತದೆ. ತಣ್ಣಗಾಗುತ್ತಾ ನಾನೂರ ತೊಂಬತ್ತು ಡಿಗ್ರಿಯ ಆಸುಪಾಸಿಗೆ ಇಳಿದಾಗ ಒಂದು ಪಕ್ಕಕ್ಕೆ ಸರಿದುಬಿಡುತ್ತದೆ, ಡಬ್ಬಿ ಆ ಕಡೆಗೆ ಉದ್ದವಾಗುತ್ತದೆ. ಹಾಗೆ ಸರಿದದ್ದರಿಂದಲೇ ಅದಕ್ಕೊಂದು ಬೆಲೆ. ಕರೆಂಟು ಹಾಯಿಸಿದರೆ ಸರಿದ ಪರಮಾಣು ಆಚೆ ಪಕ್ಕಕ್ಕೆ ತಿರುಗುತ್ತದೆ, ಉಲ್ಟಾ ಹಾಯಿಸಿದರೆ ಮತ್ತೆ ಈಚೆಗೆ. ಈ ತಿರುಗುವ ಗುಣಕ್ಕೇ ಫೆರೋಎಲೆಕ್ಟ್ರಿಕ್ ಅನ್ನುವುದು. ಆದರೆ ಎಲ್ಲ ಡಬ್ಬಿಗಳೂ ಒಂದೇ ಸಲ ತಮತಮಗೆ ತೋಚಿದ ದಿಕ್ಕಿಗೆ ಮೈಮುರಿದರೆ ಬಿಲ್ಲೆ ತಾಳುತ್ತದೆಯೇ? ಹೊರಗೆ ತೆಗೆಯುವ ಹೊತ್ತಿಗೆ ಹುರಿಗಡಲೆ ಹಿಟ್ಟಾಗಿರುತ್ತದೆ.

ಇನ್ನೂ ಒಂದು ವಕ್ರ ಇದಕ್ಕಿದೆ. ಲೋಕವೆಲ್ಲ ಕಾಯಿಸಿದರೆ ಹಿಗ್ಗುತ್ತದೆ, ಇದು ಕುಗ್ಗುತ್ತದೆ. ಹಿಗ್ಗದೆ ಕುಗ್ಗದೆ, ಒಡೆಯದೆ, ಒಳಗಿನ ತಿರುಗುವ ಗುಣವನ್ನೂ ಬಿಡದೆ ಇರುವ ಒಂದೇ ಒಂದು ಬಿಲ್ಲೆ ಮಾಡಬೇಕು. ಅದು ನನ್ನ ಥೀಸಿಸ್ಸು. ದೀಪಾವಳಿ ಹೊತ್ತಿಗೆ ನನ್ನ ರಿಜಿಸ್ಟ್ರೇಶನ್ ಮುಗಿಯುತ್ತಿತ್ತು. ಅಷ್ಟರಲ್ಲಿ ಬಿಲ್ಲೆ ಆಗದಿದ್ದರೆ ಇಷ್ಟು ವರ್ಷ ಪಾಂಡವಪುರದಲ್ಲಿ ಬಸ್ಸು ಬದಲಿಸಿ ನಾಗಮಂಗಲದ ಕಾಲೇಜಿಗೆ ಓಡಾಡಿದ್ದಷ್ಟೇ ನನ್ನ ಸಾಧನೆ.

ಮೊದಮೊದಲು ಅಪ್ಪನಿಗೆ ಇದನ್ನು ಕನ್ನಡದಲ್ಲೇ ಹೇಳಿದ್ದೆ. ಬಿಸಿಗೆ ಹಿಗ್ಗುವುದನ್ನು ತಡೆಯುವ ವಿದ್ಯೆ ಕಣಪ್ಪ ಅಂದಿದ್ದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇಗ್ಗದಂಗೆ ತಡಿಯಕ್ಕೂ ಡಾಕ್ಟ್ರು ಪದವಿ ಕೊಡ್ತಾರಾ? ಅಂಗಾದ್ರೆ ನಂಗೆ ಯಾವತ್ತೋ ಕೊಡ್ಬೇಕಾಗಿತ್ತು" ಅಂದ.

ಅವನು ತಮಾಷೆ ಮಾಡಿದ್ದಲ್ಲ. ಹತ್ತನೇ ಕ್ಲಾಸಿನಲ್ಲಿ ಸ್ಕೂಲಿಗೇ ಮೊದಲು ಬಂದು ಮಾರ್ಕ್ಸ್ ಕಾರ್ಡು ಹಿಡಿದು ನಮ್ಮ ಆಲೆಮನೆಗೆ ಓಡಿದ್ದೆ. ಬೆಲ್ಲದ ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ, "ವೊಗಳುದ್ರೆ ಇಗ್ಬ್ಯಾಡ, ತೆಗಳುದ್ರೆ ಕುಗ್ಬ್ಯಾಡ" ಅಂದಿದ್ದ. ಪಿಯುಸಿಯಲ್ಲಿ ಗಣಿತ ಹೋದಾಗಲೂ ಅದನ್ನೇ ಅಂದ. ಕಾಲೇಜಿನಲ್ಲಿ ಕೆಲಸ ಸಿಕ್ಕಾಗ, ಗೊತ್ತಾದ ಮದುವೆ ಮುರಿದುಬಿದ್ದಾಗ, ಅದೇ. ಎಲ್ಲದಕ್ಕೂ ಒಂದೇ ಕಷಾಯ. ನನಗೆ ಮೈ ಉರಿಯುತ್ತಿತ್ತು. ಮನುಷ್ಯ ಒಂದು ಸಲವಾದರೂ ನಗಬಾರದೇ, ಇಲ್ಲ ಬೈಯಲಿ, ಅದೂ ಇಲ್ಲ.

ಬಿಲ್ಲೆಗಳು ಸಾಲಾಗಿ ಒಡೆಯುತ್ತಿದ್ದಾಗ ಒಮ್ಮೆ ಅವನೇ ಒಂದು ಸಲಹೆ ಕೊಟ್ಟ. "ಒಸಿ ಸುಣ್ಣ ಹಾಕು." ಆಲೆಮನೆಯವರಿಗೆ ಎಲ್ಲ ಕಾಯಿಲೆಗೂ ಸುಣ್ಣವೇ ಮದ್ದು. ಕಬ್ಬಿನಹಾಲು ತಿಳಿಯಾಗಲು ಹಾಕುತ್ತಾರಲ್ಲ, ಅದೇ ತಲೆಯಲ್ಲಿ ಇತ್ತು.

"ಹಾಕೇ ಇದೀನಿ ಕಣಪ್ಪ. ಲೋಕದಲ್ಲಿ ಎಲ್ಲರೂ ಅದನ್ನೇ ಹಾಕೋದು."

ನಿಜವೇ. ಸೀಸದ ಜಾಗದಲ್ಲಿ ಒಂದಿಷ್ಟು ಸುಣ್ಣದೊಳಗಿನ ಕ್ಯಾಲ್ಸಿಯಂ ಕೂರಿಸಿದರೆ ಡಬ್ಬಿ ಅಷ್ಟೊಂದು ಮೈಮುರಿಯುವುದಿಲ್ಲ.

"ಎಷ್ಟು ಹಾಕ್ದೆ?"

"ಅದೇ ಗೊತ್ತಾಗ್ತಿಲ್ಲ."

"ಅಂಗಾದ್ರೆ ಕಲ್ತಿಲ್ಲ ಬುಡು. ಉಣ್ಣೋಗು."

ಕಮ್ಮಿ ಹಾಕಿದರೆ ಒಡೆಯುತ್ತಿತ್ತು. ಜಾಸ್ತಿ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತಿತ್ತು, ಕರೆಂಟು ಹಾಯಿಸಿದರೆ ಮಾತ್ರ ಒಳಗಿನಿಂದ ಒಂದು ಉತ್ತರವೂ ಇಲ್ಲ. ಅದು ಬಚ್ಚಲುಮನೆ ಟೈಲ್ಸು, ಅದಕ್ಕೆ ಯಾರೂ ಪಿಎಚ್‌ಡಿ ಕೊಡುವುದಿಲ್ಲ. ಹಾಗೆ ಟೈಲ್ಸಾಗಿ ಬಂದ ಒಂದು ಸಂಜೆ, ಅಪ್ಪ ಎಂದಿನಂತೆ ಇಗ್ಬ್ಯಾಡ ಕುಗ್ಬ್ಯಾಡ ಶುರು ಮಾಡಿದ. ನನ್ನ ತಾಳ್ಮೆ ಹೋಯಿತು. "ನಿಂಗ್ಯಾರೋ ಸುಣ್ಣ ಜಾಸ್ತಿ ಹಾಕ್ಬುಟ್ಟವ್ರೆ ಕಣಪ್ಪ. ಒಡಿಯಾದೂ ಇಲ್ಲ, ಒಳಗೇನೂ ಇಲ್ಲ" ಅಂದುಬಿಟ್ಟೆ.

ಅವನು ಅದನ್ನೂ ಯೋಚನೆ ಮಾಡಿದ. "ಇರ್ಬೋದು" ಅಂದ. "ಉಣ್ಣೋಗು."

ಕೊನೆಯ ಸರದಿ ಬಿಲ್ಲೆಗಳನ್ನು ಫರ್ನೇಸಿಗೆ ಇಟ್ಟದ್ದು ಆಯುಧಪೂಜೆಯ ಹಿಂದಿನ ದಿನ. ಕಮ್ಮಿಗೂ ಜಾಸ್ತಿಗೂ ನಡುವಿನ ಅಳತೆ. ಪುಡಿ ಅಷ್ಟೇ ಉಳಿದಿತ್ತು, ಮತ್ತೆ ತರಿಸಿ ಮಾಡುವಷ್ಟು ದಿನವೂ ಉಳಿದಿರಲಿಲ್ಲ. ಕಾಲೇಜಿಗೆ ರಜೆ, ಯಾರ ಕಾಟವೂ ಇಲ್ಲ. ಥಟ್ಟನೆ ಆರಿದರೆ ಒಡೆಯುತ್ತದೆ, ನಿಧಾನವಾಗಿ ತನ್ನಷ್ಟಕ್ಕೆ ತಣ್ಣಗಾಗಲಿ ಅಂತ ಮಿಷನ್ನಿಗೆ ಹೇಳಿಕೊಟ್ಟು, ಬಾಗಿಲಿಗೆ "ದಯವಿಟ್ಟು ಮುಟ್ಟಬೇಡಿ" ಅಂತ ಕಾಗದ ಅಂಟಿಸಿ ಬಂದಿದ್ದೆ.

ಮಾರನೇ ದಿನ ಬೆಳಿಗ್ಗೆ ಆಲೆಮನೆಯಲ್ಲಿ ಅಪ್ಪ ಗಾಣಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದ. ನಾನು ಬಾಳೆಕಂಬ ಹಿಡಿದು ನಿಂತಿದ್ದೆ. ನಮ್ಮ ಲ್ಯಾಬಿನ ಅಟೆಂಡರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಹೊಣಕೆರೆ ಕಡೆಯ ಭಕ್ತಿವಂತ ಮನುಷ್ಯ. ಫೋಟೋದಲ್ಲಿ ನನ್ನ ಫರ್ನೇಸಿಗೆ ಚೆಂಡುಹೂವಿನ ಹಾರ, ಮೂರು ಪಟ್ಟೆ ವಿಭೂತಿ, ತಲೆ ಮೇಲೆ ನಿಂಬೆಹಣ್ಣು. ಕಾಗದಕ್ಕೂ ಕುಂಕುಮ ಇಟ್ಟಿದ್ದರು, "ಮುಟ್ಟಬೇಡಿ" ಮೇಲೆಯೇ ಸರಿಯಾಗಿ. ಫರ್ನೇಸಿನ ಬಾಗಿಲು ಹಾರು ಹೊಡೆದಿತ್ತು.

ಫೋನು ಮಾಡಿದೆ.

"ಬಿಸಿಗೆ ಹಾರ ಬಾಡ್ತಾ ಇತ್ತು ಮೇಡಮ್ಮೋರೆ. ಅದ್ಕೆ ಸ್ವಿಚ್ ಆಫ್ ಮಾಡ್ಬುಟ್ಟು ಬಾಗ್ಲು ತಗ್ದು ತಣ್ಣಗಾಗಕ್ ಬುಟ್ಟೆ. ವರ್ಸುಕ್ಕೊಂದಿನ ಅದ್ಕೂ ರೆಸ್ಟ್ ಬ್ಯಾಡ್ವಾ."

ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಎದುರಿಗೇ ನಮ್ಮಪ್ಪ ಗಾಣದ ಮೋಟರಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ನಿಂತಿದ್ದ, ಪೂಜೆ ಮುಗಿಯುವ ತನಕ ಯಾರೂ ಅದನ್ನು ಓಡಿಸಕೂಡದು ಅಂತ. ಈ ಸೀಮೆಯಲ್ಲಿ ಆ ದಿನ ಟ್ರಾಕ್ಟರಿಗೂ ರಜೆ, ಕುಡುಗೋಲಿಗೂ ರಜೆ. ನಾನೇ ಕಾಗದದಲ್ಲಿ "ಪೂಜೆಗೂ ಮುಟ್ಟಬೇಡಿ" ಅಂತ ಬರೆದಿರಲಿಲ್ಲ. ಬಾಳೆಕಂಬ ಅಲ್ಲೇ ಒರಗಿಸಿ, "ಒಡದೋಗಿರ್ತದೆ ಕಣಪ್ಪ" ಅಂದೆ. ಪೂಜೆ ಬಿಟ್ಟು ಬರಬಾರದ ಮನುಷ್ಯ ಟಿವಿಎಸ್ ಹತ್ತಿ ನನ್ನನ್ನು ಪಾಂಡವಪುರದ ಬಸ್‌ಸ್ಟ್ಯಾಂಡಿಗೆ ಬಿಟ್ಟ. ದಾರಿಯಲ್ಲಿ ಕುಗ್ಬ್ಯಾಡ ಅಂತಲೂ ಅನ್ನಲಿಲ್ಲ.

ಲ್ಯಾಬಿನಲ್ಲಿ ಕರ್ಪೂರದ ವಾಸನೆ. ಅಟೆಂಡರು ಪ್ರಸಾದ ಕೊಟ್ಟರು, ತಿಂದೆ. ಆಮೇಲೆ ಬಿಲ್ಲೆಗಳನ್ನಿಟ್ಟ ಮೂಸೆಯ ಮುಚ್ಚಳ ತೆಗೆದೆ.

ಬಿಲ್ಲೆಗಳು ಇದ್ದವು. ಹಿಟ್ಟಾಗಿರಲಿಲ್ಲ, ಕೂದಲೆಳೆಯ ಬಿರುಕೂ ಇರಲಿಲ್ಲ. ಕೆಂಡದಂಥ ಬಿಸಿಯಿಂದ ಒಂದೇ ಸಲಕ್ಕೆ ನಾಗಮಂಗಲದ ಗಾಳಿಗೆ ಬಿದ್ದಿದ್ದ ಬಿಲ್ಲೆಗಳು. ಸಂತೋಷ ಆಗಬೇಕಿತ್ತು, ಹೆದರಿಕೆಯಾಯಿತು. ಇಷ್ಟಾದರೂ ಒಡೆಯದಿದ್ದರೆ ಇದೂ ಟೈಲ್ಸೇ ಇರಬೇಕು ಅನ್ನಿಸಿತು. ಒಳಗೆ ಏನಾದರೂ ಉಳಿದಿದೆಯೋ ಇಲ್ಲವೋ ನೋಡುವ ಮಿಷನ್ನು ಇದ್ದದ್ದು ಮೈಸೂರಿನ ಗೈಡ್ ಹತ್ತಿರ. ರಾತ್ರಿ ಅಪ್ಪ ಕೇಳಿದಾಗ, "ಒಡ್ದಿಲ್ಲ, ಆದ್ರೆ ಸತ್ತೋಗಿರ್ಬೋದು" ಅಂದೆ. ಅವನು ಉಣ್ಣೋಗು ಅನ್ನುವುದನ್ನು ಮರೆತ.

ರಜೆ ಮುಗಿದ ಮೇಲೆ ಬಿಲ್ಲೆಗಳನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿ ತೊಡೆ ಮೇಲಿಟ್ಟುಕೊಂಡು ಮೈಸೂರಿಗೆ ಹೊರಟೆ. ಶ್ರೀರಂಗಪಟ್ಟಣದಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು, "ಏನವ್ವಾ ಅದು, ಒಡವೆಯಾ?" ಅಂದಳು. ಮಾತ್ರೆ ಅಂದೆ. ಮಂಡಿನೋವಿಗೆ ಆಗ್ತದಾ ಅಂತ ಕೇಳಿದಳು.

ಗೈಡು ಬಿಲ್ಲೆಯ ಎರಡೂ ಮುಖಕ್ಕೆ ಬೆಳ್ಳಿ ಬಳಿದು ಕರೆಂಟು ಹಾಯಿಸಿದರು. ಟೈಲ್ಸಾಗಿದ್ದರೆ ಪರದೆಯ ಮೇಲೆ ಓರೆಗೆರೆ ಬಂದು ಅಲ್ಲಿಗೇ ಮುಗಿಯುತ್ತದೆ. ಮೊದಲು ಗೆರೆಯೇ ಬಂತು. ನಾನು ಚೀಲಕ್ಕೆ ಕೈ ಹಾಕಿದೆ, ಮನೆಗೆ ಹೋಗೋಣ ಅಂತ. ಅವರು ವೋಲ್ಟೇಜು ಏರಿಸಿದರು. ಗೆರೆ ನಿಧಾನವಾಗಿ ಬಾಯಿ ಬಿಟ್ಟು ಹುಣಸೆಕಾಯಿಯ ಹಾಗೆ ಬಾಗಿ ಉಬ್ಬಿತು. ಪರಮಾಣು ಆಚೆಗೂ ಈಚೆಗೂ ತಿರುಗುತ್ತಿತ್ತು. ಕಾಯಿಸಿ ಅಳೆದು ನೋಡಿದ್ದು ಆಮೇಲೆ. ಹಿಗ್ಗಿದ್ದೂ ಇಲ್ಲ, ಕುಗ್ಗಿದ್ದೂ ಇಲ್ಲ ಅನ್ನುವಷ್ಟು ಸಪಾಟಾಗಿ ಬಂತು. ಗೈಡು ಕನ್ನಡಕ ಒರೆಸಿಕೊಂಡು, ಬರೆಯಲು ಶುರು ಮಾಡಿ ಅಂದರು.

ಸಂಜೆ ಚಪ್ಪಲಿ ಬಿಟ್ಟೆ.

"ಒಡದೋಯ್ತಾ?"

"ಇಲ್ಲ."

"ಸತ್ತೋಗಿತ್ತಾ?"

"ಇಲ್ಲ ಕಣಪ್ಪ. ತಿರುಗ್ತು."

ಅಪ್ಪ ಬೀದಿ ನೋಡುತ್ತಾ ಕೂತಿದ್ದ. ನಾನೂ ನಗು ತಡೆದು ಮುಖ ಬಿಗಿಹಿಡಿದೇ ನಿಂತಿದ್ದೆ. ಇನ್ನೇನು ಅದೇ ಮಾತು ಬರುತ್ತೆ ಅಂತ ನಾನೇ, "ಸರಿ, ಉಣ್ಣೋಯ್ತೀನಿ" ಅಂದೆ.

"ಇರು" ಅಂದ. ಟವೆಲಿನಿಂದ ಜಗಲಿಯ ಧೂಳು ಹೊಡೆದು, ಪಕ್ಕದಲ್ಲಿ ಜಾಗ ಮಾಡಿದ. "ಇವತ್ತೊಂದಿನ ಇಗ್ಗವ್ವ."

ನಾನು ಹೋಗಿ ಕೂತೆ.

"ಎಂಗಪ್ಪಾ?" ಅಂದೆ.

ಅವನು ಅದನ್ನೂ ಬಹಳ ಹೊತ್ತು ಯೋಚನೆ ಮಾಡಿದ.

"ನಂಗೂ ಗೊತ್ತಿಲ್ಲ ಕನವ್ವ" ಅಂದ.