ಭಾನುವಾರದ ರಿಜಿಸ್ಟರಿನಲ್ಲಿ ನನ್ನ ಹನ್ನೊಂದು ಸಹಿಗಳು

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯ ಪಾಲಿಟೆಕ್ನಿಕ್ಕೊಂದರಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದೆ. ಕಮಲಾಪುರದಿಂದ ನಾನು ಹತ್ತುತ್ತಿದ್ದ ಮೊದಲ ಬಸ್ಸು ತಲುಪುವಷ್ಟರಲ್ಲಿ ಬೆಳಗಿನ ಕಂಪ್ಯೂಟರ್ ಪ್ರಾಕ್ಟಿಕಲ್ ಮುಗಿಯುತ್ತ ಬಂದಿರುತ್ತಿತ್ತು. ಸ್ಟೇಶನ್ ಬಜಾರದ ಖಾಸಗಿ ಸೆಂಟರಿಗೆ ಸೇರಿಸುವ ಶಕ್ತಿ, ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ ಅಪ್ಪನಿಗಿರಲಿಲ್ಲ. ಹೀಗಿರುವಾಗ ನಮ್ಮ ಉಪನ್ಯಾಸಕರೊಬ್ಬರು ನನ್ನಂಥ ನಾಲ್ವರಿಗಾಗಿ ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಕೋಣೆಯ ಬೀಗ ತೆಗೆಯತೊಡಗಿದರು. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೊಡನೆ ಅವರು ರಿಜಿಸ್ಟರೊಂದನ್ನು ಮುಂದಿಡುತ್ತಿದ್ದರು. ಅದಕ್ಕೆ ಖಾಕಿ ಕಾಗದದ ಹೊದಿಕೆ. ಒಳಗೆ ದಿನಾಂಕ, ಹೆಸರು, ವೇಳೆ, ಸಹಿ. ಶೀರ್ಷಿಕೆ ಎಲ್ಲಿಯೂ ಇರಲಿಲ್ಲ.

"ಮೊದಲ ಸಹಿ ಹಾಕ್ರೆಪ್ಪಾ, ಆಮ್ಯಾಲೆ ಮಷೀನ್ ಮುಟ್ರಿ."

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಉಣ್ಣುವ ಕೈ ನಿಲ್ಲಿಸಿದರು. "ಐತವಾರ ಬಂದು ಪುಕ್ಕಟ್ ಕಲಸಾಕ ಆ ಮಾಸ್ತರಗ ಮನಿ ಮಾರು ಇಲ್ಲೇನು? ನಿಮ್ಮಜ್ಜ ಓದಲಾರದ ಕಾಗದಕ್ಕ ಹೆಬ್ಬಟ್ಟ ಒತ್ತಿ, ಮಂದಿ ಜಗಳಕ್ಕ ಸಾಕ್ಷಿ ಆಗಿ, ಸಾಯೂತನಕ ಕೋರ್ಟಿಗಿ ಅಡ್ಡಾಡಿದ. ನೋಡಿ ಮಾಡು ತಮ್ಮಾ."

ನಾನು ನೋಡಿಯೇ ಮಾಡಿದೆ. ನಾಳೆ ಒಂದು ಯಂತ್ರ ಕಾಣೆಯಾದರೆ ಯಾರ ಸಹಿ ಹುಡುಕುತ್ತಾರೆ? ಆದ್ದರಿಂದ ಪ್ರತಿ ಭಾನುವಾರ ಬೇರೆ ಬೇರೆ ರೀತಿಯ ಸಹಿ ಹಾಕಿದೆ. ಅಗತ್ಯ ಬಿದ್ದರೆ 'ಅದು ನನ್ನದಲ್ಲ' ಎನ್ನಬಹುದಿತ್ತು. ಗೊಂದಲವಾಗಬಾರದೆಂದು ಪ್ರತಿಯೊಂದರ ನಕಲನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ದಿನಾಂಕಸಹಿತ ಬರೆದಿಟ್ಟುಕೊಂಡೆ.

ಪರೀಕ್ಷೆ ಹತ್ತಿರ ಬಂದಾಗ, ಪ್ರಾಕ್ಟಿಕಲ್ ಹಾಜರಿ ಸಾಲದೆಂದು ಕಚೇರಿಯ ಗುಮಾಸ್ತರು ನನ್ನ ಹಾಲ್ ಟಿಕೆಟ್ ತಡೆಹಿಡಿದರು. ಅದು ಸಿಗದಿದ್ದರೆ ಒಂದು ವರ್ಷವೇ ಹೋಗುತ್ತಿತ್ತು. ಅಪ್ಪ ಮತ್ತೊಂದು ವರ್ಷ ಓದಿಸುವುದು ಸಾಧ್ಯವಿರಲಿಲ್ಲ. ಆಗ ಉಪನ್ಯಾಸಕರು ನನ್ನನ್ನೂ ಕರೆದೊಯ್ದು, ಆ ಖಾಕಿ ರಿಜಿಸ್ಟರನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು, ಭಾನುವಾರದ ತಾಸುಗಳನ್ನು ಹಾಜರಿಗೆ ಸೇರಿಸಬೇಕೆಂದು ಕೇಳಿದರು. ಅದು ಇದ್ದದ್ದೇ ಅದಕ್ಕಾಗಿ.

ಗುಮಾಸ್ತರು ನನ್ನ ಪ್ರವೇಶದ ಅರ್ಜಿಯನ್ನು ಅದರ ಪಕ್ಕದಲ್ಲಿಟ್ಟು ಸಹಿಗಳನ್ನು ಹೋಲಿಸಿ ನೋಡಿದರು. "ಸರ್, ಹನ್ನೊಂದು ವಾರಕ್ಕ ಹನ್ನೊಂದು ಮಂದಿ ಬಂದು ಹ್ವಾದಂಗ ಅದರಿ. ಇವನ ಹೆಸರ ಮ್ಯಾಲ ಯಾರು ಗೀಚ್ಯಾರೋ!"

ಪ್ರಿನ್ಸಿಪಾಲರು ಉಪನ್ಯಾಸಕರತ್ತ ತಿರುಗಿದರು. "ನೀವೇ ತುಂಬೀರೇನ್ರಿ?"

"ಇಲ್ರಿ," ಎಂದಷ್ಟೇ ಅವರು ಹೇಳಿದರು. ನನ್ನತ್ತ ನೋಡಲಿಲ್ಲ.

ನಾನು ನೋಟುಬುಕ್ಕು ತೆಗೆದು ಕೊನೆಯ ಹಾಳೆ ತೋರಿಸಿದೆ. "ಎಲ್ಲಾ ನನ್ನವೇ ಅದಾವ್ರಿ." ಪುಸ್ತಕವನ್ನು ಪ್ರಿನ್ಸಿಪಾಲರ ಕೈಯಲ್ಲೇ ಬಿಟ್ಟು, ಬಿಳಿ ಕಾಗದದ ಮೇಲೆ ಹನ್ನೊಂದನ್ನೂ ಕ್ರಮವಾಗಿ ಹಾಕಿದೆ.

"ಯಾಕ ಹಿಂಗ ಮಾಡ್ದಿ?" ಎಂದರು ಪ್ರಿನ್ಸಿಪಾಲರು.

"ಏನರ ಕಳುವಾದ್ರ ನನ್ನ ಮ್ಯಾಲ ಬರ್ತದಂತ ಅಂಜಿದ್ದೆರಿ."

"ಕಳುವಾಗೂಕಿಂತ ಮೊದಲೇ ಜಾಮೀನ ತಗೊಂಡಾನ ನೋಡ್ರಿ!" ಎಂದರು ಗುಮಾಸ್ತರು.

ಪ್ರಿನ್ಸಿಪಾಲರು ನಗಲಿಲ್ಲ, ಆದರೆ ಹಾಲ್ ಟಿಕೆಟ್ಟಿಗೆ ಮೊಹರು ಒತ್ತಿಸಿದರು. ಹೊರಗೆ ಬಂದ ಮೇಲೆ ಉಪನ್ಯಾಸಕರು, "ಯಾತಕ್ಕ ಸಹಿ ಅಂತ ಒಂದ್ ಮಾತ ಕೇಳಿದ್ರ ಹೇಳ್ತಿದ್ದೆನಲ್ಲೋ," ಎಂದರು.

ಪರೀಕ್ಷೆಗೆ ಮೊದಲಿನ ಭಾನುವಾರ ಖಾಕಿ ಹೊದಿಕೆಯ ಮೇಲೆ, 'ಹಾಜರಿ ಕಡಿಮೆಯಿದ್ದವರ ಹೆಚ್ಚುವರಿ ಅಭ್ಯಾಸ' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಎರಡು ಸಲ ಓದಿದೆ. ಮೊದಲ ಬಾರಿಗೆ ನನ್ನ ನಿಜವಾದ ಸಹಿ ಹಾಕಿದೆ. ಅನಂತರ, ಉಪನ್ಯಾಸಕರು ಬೇರೆ ಕಡೆ ನೋಡುತ್ತಿರುವಾಗ, ಹಾಳೆಯನ್ನು ತುಸು ಎತ್ತಿ ಕೆಳಗೆ ಕಾರ್ಬನ್ ಕಾಗದ ಇದೆಯೇ ಎಂದು ನೋಡಿದೆ. ಇರಲಿಲ್ಲ.