ಅಕ್ಕನ ಬಟ್ಟೆ ತೊಟ್ಟವಳು

ನಮ್ಮ ಚರ್ಚಿನಲ್ಲಿ ಬುಧವಾರದ ಸ್ತ್ರೀಯರ ಕೂಟವನ್ನು ಹನ್ನೊಂದು ವರ್ಷದಿಂದ ನಡೆಸುತ್ತಿರುವವಳು ನಾನು. ಶಾಲೆಯ ಕೆಲಸದಿಂದ ನಿವೃತ್ತಳಾದರೂ ಎಲ್ಲರಿಗೂ ಟೀಚರಮ್ಮನೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಪಾಠ ಹೇಳುವ ಚಟವೂ ಹಾಗೆಯೇ. ಆ ಬುಧವಾರ ಹೂವಿನ ಅಂಚಿನ ಕಾರ್ಡುಗಳನ್ನು ಹಂಚಿ, ಒಬ್ಬೊಬ್ಬರೂ ತಮ್ಮ ಹೆಸರು ಬರೆದು ಅದರ ಕೆಳಗೆ 'ದೇವರಿಗೆ ನಾನು ಬೇಕಾದವಳು' ಎಂದು ಸೇರಿಸಿ, ಮನೆಯ ಕನ್ನಡಿಗೆ ಅಂಟಿಸಿಕೊಳ್ಳಬೇಕು ಎಂದೆ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಪರಿಚಯ ಹೇಳಿಕೊಳ್ಳುವ ಹೆಂಗಸರಿಗೆ ತಮ್ಮದೂ ಒಂದು ಬೆಲೆ ಇದೆ ಎಂದು ತಿಳಿಯಲಿ ಎಂಬುದು ನನ್ನ ಆಸೆ. ಎಲ್ಲರೂ ಬರೆದರು. ಒಂದು ಕಾರ್ಡು ಮಾತ್ರ ಖಾಲಿಯಾಗಿ ನನ್ನ ಕೈಗೇ ವಾಪಸು ಬಂತು.

ಕೊಟ್ಟವಳು ಇಸ್ತ್ರಿ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ, ಆದರೂ ಎಲ್ಲರ ಬಾಯಲ್ಲೂ ಹಾಗೆಯೇ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಡಾಕ್ಟರರ ನಿಲುವಂಗಿಗಳಿಗೆ ಇಸ್ತ್ರಿ ಹಾಕುವವಳು. ಮದುವೆಯಾಗಲಿಲ್ಲ, ಅಮ್ಮನ ಜೊತೆ ಇದ್ದಾಳೆ. ಕೂಟದಲ್ಲಿ ಬಾಗಿಲ ಪಕ್ಕ ಕೂರುತ್ತಾಳೆ, ಯಾವಾಗ ಎದ್ದು ಹೋದಳೋ ಯಾರಿಗೂ ಗೊತ್ತಾಗುವುದಿಲ್ಲ. ನಿಜ ಹೇಳುತ್ತೇನೆ, ಅವಳು ಎದುರಿಗೇ ಇದ್ದಾಗಲೂ ಎರಡು ಸಲ ಅವಳನ್ನು ಬಿಟ್ಟು ಉಳಿದವರಿಗೆಲ್ಲ ಚಹಾ ಕೊಟ್ಟಿದ್ದೇನೆ.

"ಯಾಕಮ್ಮ, ಪೆನ್ನಿಲ್ವಾ?" ಎಂದೆ.

"ಪೆನ್ನಿದೆ ಟೀಚರಮ್ಮ. ಹೆಸರಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಸೂಚನಾ ಫಲಕದ ಮುಂದೆ ನಿಲ್ಲಿಸಿದಳು. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಎಳೆ ಮಕ್ಕಳ ಸಮಾಧಿಗಳನ್ನು ದುರಸ್ತಿ ಮಾಡಿಸುವುದಿತ್ತು. ಸಂಬಂಧಿಕರು ಯಾರಾದರೂ ಇದ್ದರೆ ತಿಳಿಸಲಿ ಎಂದು ಹಳೆಯ ಪಟ್ಟಿಯೊಂದನ್ನು ಅಂಟಿಸಿದ್ದರು. ಇಸ್ತ್ರಿ ಅಕ್ಕ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅವಳದೇ ಹೆಸರು. ಅವಳ ಅಪ್ಪನ ಹೆಸರು. ವಯಸ್ಸು ಹತ್ತೊಂಬತ್ತು ದಿನ. ಸತ್ತು ಐವತ್ತನಾಲ್ಕು ವರ್ಷವಾಗಿತ್ತು.

ಪಕ್ಕದಲ್ಲಿ ನಿಂತವಳ ತೋಳನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿದೆ.

ಇಬ್ಬರೂ ಪಾಸ್ಟರ ಕಚೇರಿಗೆ ಹೋದೆವು. ಅವರು ಬೀರುವಿನಿಂದ ಎರಡು ದಪ್ಪ ಪುಸ್ತಕ ಇಳಿಸಿದರು. ದೀಕ್ಷಾಸ್ನಾನದ ಪುಸ್ತಕದಲ್ಲಿ ಆ ಹೆಸರಿತ್ತು, ಮಗುವಿಗೆ ಆಗ ಎಂಟು ದಿನ. ಸಮಾಧಿಯ ಪುಸ್ತಕದಲ್ಲೂ ಅದೇ ಹೆಸರು, ಹನ್ನೊಂದು ದಿನಗಳ ನಂತರ. ಆಮೇಲೆ ಆ ತಂದೆ ತಾಯಿಗೆ ಇನ್ನೊಂದು ಮಗು ಹುಟ್ಟಿದ ಸುದ್ದಿ ಎಲ್ಲೂ ಇಲ್ಲ.

"ಪುಸ್ತಕದ ಪ್ರಕಾರ ನಿಮಗೆ ದೀಕ್ಷಾಸ್ನಾನ ಆಗಿದೆ," ಎಂದರು ಪಾಸ್ಟರು.

"ಮಣ್ಣೂ ಆಗಿದೆಯಲ್ಲ ಪಾಸ್ಟರೇ," ಎಂದಳು ಇಸ್ತ್ರಿ ಅಕ್ಕ.

ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ದೀಕ್ಷಾಸ್ನಾನ ಒಬ್ಬರಿಗೆ ಒಂದೇ ಸಲ, ಎರಡನೆಯದನ್ನು ಯಾರಿಗೂ ಕೊಡುವ ಹಾಗಿಲ್ಲ. ಸತ್ತ ಮಗು ಬೇರೆ, ಈಕೆ ಬೇರೆ ಎಂದು ತಿಳಿದವರು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಅಪ್ಪ ತೀರಿಕೊಂಡು ನಲವತ್ತು ವರ್ಷವಾಗಿದೆ. ಉಳಿದವಳು ಅಮ್ಮ ಒಬ್ಬಳೇ, ಅವಳಿಗೋ ಮನಸ್ಸು ಹಿಡಿತದಲ್ಲಿಲ್ಲ. "ಟೀಚರಮ್ಮ, ನೀವೇ ಹೋಗಿ ಕೇಳ್ಕೊಂಡು ಬನ್ನಿ. ಅವರು ಹೇಳಿದ್ದು ನಿಮ್ಮ ಕಿವಿಗೆ ಬಿದ್ರೆ ನನಗೆ ಅಷ್ಟು ಸಾಕು," ಎಂದರು.

ದಾರಿಯಲ್ಲಿ ಇಸ್ತ್ರಿ ಅಕ್ಕ ಮಾತಾಡಿದಳು. ಅಷ್ಟು ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವಳ ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿಯಾಗಿದ್ದಳು. ಮಗಳಿಗೆ ಫ್ರಾಕು ಹೊಲಿದರೆ ನೇರವಾಗಿ ಕೊಡುತ್ತಿರಲಿಲ್ಲ. ಅಳತೆಗಿಂತ ಸ್ವಲ್ಪ ದೊಡ್ಡದಾಗಿಯೇ ಹೊಲಿದು ಒಳಕೋಣೆಯ ಮೊಳೆಗೆ ತಗುಲಿಸುತ್ತಿದ್ದಳು. ವರ್ಷ ಕಳೆದ ಮೇಲೆ ಇಳಿಸಿ, "ತಗೋ, ಅಕ್ಕಂಗೆ ಚಿಕ್ಕದಾಯ್ತು," ಎನ್ನುತ್ತಿದ್ದಳಂತೆ.

"ಅಕ್ಕ ಎಲ್ಲಿ ಅಂತ ಕೇಳ್ಲಿಲ್ವಾ ನೀನು?"

"ಕೇಳ್ತಿದ್ದೆ. ಒಳಗಿದ್ದಾಳೆ ಅಂತಿದ್ಲು. ನಮ್ಮ ಮನೆಗೆ ಇರೋದೇ ಎರಡು ಕೋಣೆ, ಟೀಚರಮ್ಮ. ಒಳಗೆ ಯಾರೂ ಇರ್ತಿರ್ಲಿಲ್ಲ." ರಸ್ತೆ ದಾಟಿದ ಮೇಲೆ ಮುಂದುವರಿಸಿದಳು. "ಅಮ್ಮನ ಮನಸ್ಸು ಮೊದಲಿಂದ್ಲೂ ಹಾಗೇ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನಾನೇ ಇನ್ನೊಬ್ಬಳ ಜಾಗದಲ್ಲಿ ಕೂತಿದ್ದೀನಿ. ಬಟ್ಟೆ ಅವಳದು, ಹೆಸರು ಅವಳದು, ನೀರು ಬಿದ್ದಿದ್ದೂ ಅವಳ ತಲೆ ಮೇಲೆ. ಇಷ್ಟು ವರ್ಷ ನಾನು ಪ್ರಾರ್ಥನೆ ಮಾಡಿದ್ದು ಯಾರ ಹೆಸರಿಗೆ ಹೋಯ್ತು? ನಾನು ಅಂತ ಒಬ್ಬಳಿದ್ದೀನಿ ಅಂತ ದೇವರಿಗೆ ಗೊತ್ತಾ? ನನಗೆ ತಿಳೀಬೇಕಾಗಿರೋದು ಅಷ್ಟೇ."

"ಅವನಿಗೆ ಎಲ್ಲ ಗೊತ್ತಮ್ಮ," ಎಂದೆ. ಹನ್ನೊಂದು ವರ್ಷದಿಂದ ಹೇಳುತ್ತಾ ಬಂದ ಮಾತು. ಅವತ್ತು ನನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು, ನಾಚಿಕೆಯಾಯಿತು.

ಮನೆ ಎರಡನೇ ಮಹಡಿಯಲ್ಲಿ. ಒಳಕೋಣೆಯ ಕಿಟಕಿಗೆ ದಪ್ಪ ಪರದೆ. ಮಂಚದ ಮೇಲೆ ಮುದುಕಿ ದಿಂಬಿಗೆ ಒರಗಿದ್ದಳು. ಒಗೆದು ಒಣಗಿಸಿದ ಹಾಗೆ ಶುಭ್ರವಾದ ಹೆಂಗಸು. ಮಂಚದ ಪಕ್ಕದಲ್ಲಿದ್ದ ಕುರ್ಚಿ ಎಳೆದುಕೊಳ್ಳಲು ಹೋದೆ.

"ಅದು ಬೇಡ. ದೊಡ್ಡವಳು ಕೂತಿದ್ದಾಳೆ," ಎಂದಳು ಮುದುಕಿ.

ನಾನು ಮಂಚದ ಕಾಲಿನ ಬಳಿ ಕೂತೆ. ಎದುರು ಗೋಡೆಯ ಮೊಳೆಯಲ್ಲಿ ನೀಲಿ ಬಣ್ಣದ ನಿಲುವಂಗಿಯೊಂದು ತೂಗುತ್ತಿತ್ತು. ಹೊಲಿಗೆ ಡೊಂಕು, ನಡುಗುವ ಕೈಯದು. ಹೋದ ವರ್ಷ ಅಮ್ಮ ಮಂಚದ ಮೇಲೆಯೇ ಕೂತು ಹೊಲಿದದ್ದು ಎಂದು ಇಸ್ತ್ರಿ ಅಕ್ಕ ಪಿಸುಗುಟ್ಟಿದಳು. ನನ್ನನ್ನು ಎಬ್ಬಿಸಿ ಅದರ ಹತ್ತಿರ ಕರೆದೊಯ್ದು, ನನ್ನ ಕೈಹಿಡಿದು ಅದರ ತೋಳಿನ ಮೇಲೆ ಇಟ್ಟಳು.

"ಮೊಣಕೈ ಹತ್ರ ನೋಡಿ. ಸುಕ್ಕಿದೆ. ತೂಗು ಹಾಕಿದ ಬಟ್ಟೆಗೆ ಅಲ್ಲಿ ಸುಕ್ಕು ಬೀಳಲ್ಲ. ಯಾರಾದ್ರೂ ಹಾಕ್ಕೊಂಡು ಕೈ ಮಡಚಿದ್ರೆ ಮಾತ್ರ ಬೀಳುತ್ತೆ. ವಾರಕ್ಕೊಂದ್ಸಲ ಇಸ್ತ್ರಿ ಹಾಕಿ ತೆಗೀತೀನಿ. ಮತ್ತೆ ಬರುತ್ತೆ."

"ನಿಮ್ಮಮ್ಮನೇ ಹಾಕ್ಕೊಂಡಿರಬೇಕು."

"ಅಮ್ಮ ಎದ್ದು ನಿಂತು ಎರಡು ವರ್ಷ ಆಯ್ತು."

ಅಲ್ಲಿಂದ ಓಡಿಬಿಡೋಣ ಅನ್ನಿಸಿತು. ಆದರೆ ಬಂದ ಕೆಲಸ ಇತ್ತು. ಮಗಳನ್ನು ತೋರಿಸಿ, "ಅಮ್ಮಾ, ಇವಳು ಯಾರು?" ಎಂದು ಕೇಳಿದೆ.

ಮುದುಕಿ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ. ಚಿಕ್ಕವಳು."

"ಇವಳ ಹೆಸರು?"

"ಇಟ್ಟಿಲ್ಲ." ಮುದುಕಿಯ ಕಣ್ಣಿನಲ್ಲಿ ಸಣ್ಣಗೆ ಜಂಬ ಮೂಡಿತು. "ದೊಡ್ಡವಳನ್ನ ಎಂಟನೇ ದಿನ ಚರ್ಚಿಗೆ ಎತ್ಕೊಂಡು ಹೋದೆ. ತಲೆ ಮೇಲೆ ನೀರು ಹಾಕಿ, ಎಲ್ಲರಿಗೂ ಕೇಳೋ ಹಾಗೆ ಹೆಸರು ಕೂಗಿದ್ರು. ಮೇಲಿರೋನಿಗೂ ಕೇಳಿಸ್ತು. ಚೆನ್ನಾಗಿದ್ದಾಳೆ ಅಂತ ಕರ್ಕೊಂಡುಬಿಟ್ಟ. ಇವಳು ಹುಟ್ಟಿದಾಗ ನಾನು ಬುದ್ಧಿ ಕಲ್ತಿದ್ದೆ. ನೀರು ಸೋಕಿಸ್ಲಿಲ್ಲ. ಹೆಸರಿಡ್ಲಿಲ್ಲ. ಅಕ್ಕನ ಹೆಸರಲ್ಲೇ ಬೆಳೆಸಿದೆ. ಯಾರನ್ನ ಕರೀಲಿ ಅಂತ ಅವನು ನೋಡ್ತಾನಲ್ಲ, ಈ ಹೆಸರಿನೋಳು ಆಗಲೇ ಬಂದಾಯ್ತು ಅಂತ ಮುಂದಿನ ಮನೆಗೆ ಹೋಗ್ತಾನೆ. ಐವತ್ತೆರಡು ವರ್ಷ ಅವನ ಕಣ್ಣಿಗೆ ಮಣ್ಣೆರಚಿದ್ದೀನಿ. ನೋಡಿ, ಹೇಗಿದ್ದಾಳೆ! ಗುಂಡುಕಲ್ಲಿನ ಹಾಗೆ."

ಇಸ್ತ್ರಿ ಅಕ್ಕ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತಳು. "ನಾನು ಬೇಡವಾದವಳು ಅಂದ್ಕೊಂಡಿದ್ನಲ್ಲಮ್ಮ," ಎಂದು ಮಂಚದ ಅಂಚಿಗೆ ಹಣೆ ಒತ್ತಿ ಅತ್ತಳು. ಮುದುಕಿ ಅವಳ ತಲೆ ಸವರುತ್ತಾ ಖಾಲಿ ಕುರ್ಚಿಯ ಕಡೆ ನೋಡಿ, "ಅಳಿಸ್ಬೇಡ ಅವಳನ್ನ," ಎಂದು ಗದರಿದಳು. ನನಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ಒಂದು ಜೀವವನ್ನು ದೇವರಿಂದಲೇ ಬಚ್ಚಿಡುವುದೆಂದರೇನು? ಆದರೆ ಅಂಥ ಪ್ರೀತಿಯ ಮುಂದೆ ಸಿಟ್ಟು ನಿಲ್ಲಲಿಲ್ಲ, ನಾನೂ ಅತ್ತೆ.

ಪಾಸ್ಟರು ನನ್ನ ಮಾತು ಕೇಳಿ, ದೀಕ್ಷಾಸ್ನಾನ ಬರುವ ಭಾನುವಾರವೇ ಆಗಲಿ ಎಂದರು. ನಾನು ಓಡುತ್ತಾ ಹೋಗಿ ಬಟ್ಟೆ ಕೋಣೆಯಲ್ಲಿ ಅವಳಿಗೆ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಭಯ ಆಗ್ತಿದೆ ಟೀಚರಮ್ಮ. ನನಗೆ ಈವರೆಗೆ ಒಂದು ದಿನ ಜ್ವರ ಬಂದಿಲ್ಲ. ಸುತ್ತ ನೋಡಿ, ಇದೆಲ್ಲ ರೋಗಿಗಳ ಬಟ್ಟೆ. ಇಲ್ಲಿ ಕೆಲಸ ಮಾಡಿದ ನಾಲ್ಕು ಜನ ಸೋಂಕು ತಗುಲಿ ಹೋದ್ರು. ನನಗೆ ನೆಗಡೀನೂ ಇಲ್ಲ. ಅಮ್ಮ ಹೇಳಿದ್ದೇ ನಿಜ ಆದ್ರೆ?"

ಯಂತ್ರಗಳು ಗುಡುಗುಡು ಸದ್ದು ಮಾಡುತ್ತಿದ್ದವು. ಮೂಢನಂಬಿಕೆ ಅನ್ನಬಹುದಿತ್ತು, ಆದರೆ ಆ ಮೊಣಕೈಯ ಸುಕ್ಕನ್ನು ನಾನೇ ಮುಟ್ಟಿದ್ದೆನಲ್ಲ. "ಬೇಡ ಅಂದ್ರೆ ಬಿಡಮ್ಮ," ಎಂದೆ.

ಅವಳು ಒಂದು ದಿಂಬಿನ ಚೀಲವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಬಚ್ಚಿಟ್ಟುಕೊಂಡು ಉಳಿಯೋದಕ್ಕಿಂತ ಸಿಕ್ಕಿಬೀಳೋದೇ ವಾಸಿ. ಅವನು ಕರೆದ್ರೆ ನನ್ನನ್ನೇ ಕರೀಲಿ," ಎಂದಳು. ಅಂಥ ಪಾಠ ಹೇಳುವುದು ನನ್ನಿಂದ ಒಂದು ದಿನವೂ ಆಗಿರಲಿಲ್ಲ.

ಭಾನುವಾರ ಅವಳು ಅಂಗಡಿಯಿಂದ ಆಗಷ್ಟೇ ತಂದ, ಮಡಿಕೆಯ ಗೆರೆ ಇನ್ನೂ ಹೋಗದ ಬಿಳಿ ಸೀರೆ ಉಟ್ಟು ಬಂದಳು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮುಂದೆಯೇ ತಂದು ನಿಲ್ಲಿಸಿದ್ದಳು. ಹೊಸ ಹೆಸರನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಇಲ್ಲ. ಪಾಸ್ಟರು ನೀರಿನ ಬಟ್ಟಲ ಮುಂದೆ ನಿಂತು, "ನಿನ್ನ ಹೆಸರೇನು?" ಎಂದು ಕೇಳಿದರು.

ಮುದುಕಿಗೆ ಅರ್ಥವಾಗಿಬಿಟ್ಟಿತು. ಮಗಳ ಸೆರಗು ಹಿಡಿದು ಎಳೆದಳು. "ಹೇಳ್ಬೇಡ್ವೇ! ಅವನಿಗೆ ಕೇಳಿಸುತ್ತೆ!"

"ಕೇಳಿಸ್ಲಿ ಅಂತಾನೇ ಹೇಳ್ತಿರೋದು, ಅಮ್ಮ," ಎಂದಳು ಇಸ್ತ್ರಿ ಅಕ್ಕ. ತಲೆಯೆತ್ತಿ, ಕೊನೆಯ ಬೆಂಚಿನವರೆಗೂ ಕೇಳುವ ಹಾಗೆ ತನ್ನ ಹೆಸರು ಹೇಳಿದಳು.

ನೀರು ಮೂರು ಸಲ ಬಿತ್ತು. ಮುದುಕಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಎಷ್ಟೋ ಹೊತ್ತಾದ ಮೇಲೆ, ಕಣ್ಣು ತೆರೆಯುವ ಧೈರ್ಯ ಸಾಲದೆ, ಮುದುಕಿ ನಡುಗುವ ದನಿಯಲ್ಲಿ ಆ ಹೊಸ ಹೆಸರನ್ನು ಒಂದು ಸಲ ಕರೆದಳು.

"ಇದ್ದೀನಮ್ಮ," ಎಂದಳು ಮಗಳು.